ನರ ಬಿಡಿಸುವ ಭ್ರಮೆ

ಪೊಲೀಸ್ ನೇಮಕಾತಿಯ ಪ್ರಕಟಣೆಯೋ ಸೇನಾ ಭರ್ತಿಯ ಸುದ್ದಿಯೋ ಬಂದದ್ದೇ ತಡ, ಚಿಕ್ಕೋಡಿಯಿಂದ ಕಾಗವಾಡದವರೆಗಿನ ರಸ್ತೆಗಳಲ್ಲಿ ಬೆಳಗಿನ ಐದಕ್ಕೇ ಬೂಟಿನ ಸಪ್ಪಳ ಶುರುವಾಗುತ್ತದೆ. ಕಬ್ಬಿನ ಪಡಗಳ ನಡುವಿನ ಡಾಂಬರಿನ ಮೇಲೆ, ಹೈಸ್ಕೂಲಿನ ಮೈದಾನದಲ್ಲಿ, ಕಾಲುವೆಯ ದಂಡೆಯಲ್ಲಿ ಸೇರುವ ಹುಡುಗ ಹುಡುಗಿಯರು ಓಡುವ ಮುನ್ನ ತಪ್ಪದೆ ಒಂದು ಶಾಸ್ತ್ರ ಮುಗಿಸುತ್ತಾರೆ. ಮಂಡಿ ಮಡಚದೆ ಬಾಗಿ ಹೆಬ್ಬೆರಳು ಹಿಡಿದು ಮೂವತ್ತರವರೆಗೆ ಎಣಿಸುವುದು. ಆಮೇಲೆ ಮೀನಖಂಡ, ಆಮೇಲೆ ತೊಡೆ, ಆಮೇಲೆ ಸೊಂಟ. "ನರ ಬಿಡಿಸಿಕೊಳ್ಳದ ಓಡಿದರ ಕಾಲ ಹಿಡಕೋತಾವ" ಎಂಬುದು ಕಲಿಸುವವರ ಮಾತು, ಕಲಿಯುವವರ ನಂಬಿಕೆ. ಶಾಲೆಯ ಪೀಟಿ ಮಾಸ್ತರರು, ನಿಪ್ಪಾಣಿ-ಅಥಣಿಯ ಜಿಮ್‌ಗಳು, ಮೊಬೈಲಿನ ವಿಡಿಯೊಗಳು ಎಲ್ಲವೂ ಇದೊಂದು ವಿಷಯದಲ್ಲಿ ಒಮ್ಮತದಲ್ಲಿವೆ. ಈ ನಂಬಿಕೆಯೊಳಗೆ ಮೂರು ಮಾತು ಹೆಣೆದುಕೊಂಡಿವೆ: ಎಳೆದು ಹಿಡಿದರೆ ಪೆಟ್ಟಾಗುವುದಿಲ್ಲ, ಓಟ-ಜಿಗಿತ ಚುರುಕಾಗುತ್ತದೆ, ಬಿಗಿದ ಸ್ನಾಯು ಉದ್ದವಾಗಿ ಸಡಿಲಾಗುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ನೋಡಿದವರಿದ್ದಾರೆ, ಮೂರೂ ಆ ಪರೀಕ್ಷೆಯಲ್ಲಿ ಉಳಿದಿಲ್ಲ. ಆದರೂ ಇದು ಉಳಿದುಕೊಂಡಿರುವುದಕ್ಕೆ ಕಾರಣ, ಎಳೆದಾಗ ಏನೋ ಆಗುತ್ತಿರುವಂತೆ ಅನಿಸುತ್ತದೆ ಎಂಬುದು. ಅನಿಸಿಕೆಯನ್ನೇ ಪರಿಣಾಮವೆಂದು ಓದುವ ಈ ತಪ್ಪಿನ ಬೆಲೆ ತೆರುತ್ತಿರುವವರು ಒಂದೇ ಒಂದು ಅವಕಾಶಕ್ಕಾಗಿ ತಿಂಗಳುಗಟ್ಟಲೆ ಮೈ ದಂಡಿಸುವ ಬಡವರ ಮಕ್ಕಳು.

ಪೆಟ್ಟಿನ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಭರ್ತಿಗೆ ತಯಾರಾಗುವ ನಮ್ಮ ಹುಡುಗರನ್ನೇ ಹೋಲುವ ಜನರ ಮೇಲೆ ನಡೆದ ಪ್ರಯೋಗವೊಂದು ಆಸ್ಟ್ರೇಲಿಯಾದ ಕಪೂಕಾ ಸೇನಾ ತರಬೇತಿ ಶಿಬಿರದ್ದು. ಫಲಿತಾಂಶ ಪ್ರಕಟವಾದದ್ದು 2000ದಲ್ಲಿ. ಹೊಸದಾಗಿ ಸೇರಿದ 1538 ಯುವಕರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಎರಡೂ ಪಾಲಿನವರು ಮೈ ಬಿಸಿ ಮಾಡಿಕೊಂಡೇ ತರಬೇತಿಗೆ ಇಳಿದರು. ಒಂದು ಪಾಲಿನ 735 ಜನ ಮಾತ್ರ ಕಾಲಿನ ಆರು ಮುಖ್ಯ ಸ್ನಾಯುಗಳನ್ನು ಮೇಲ್ವಿಚಾರಕರ ಕಣ್ಣೆದುರು ತಲಾ 20 ಸೆಕೆಂಡು ಎಳೆದು ಹಿಡಿಯುತ್ತಿದ್ದರು. ಸುಮಾರು ಮೂರು ತಿಂಗಳ ಕೊನೆಗೆ ಕಾಲಿನ ಪೆಟ್ಟು ಎಣಿಸಿದಾಗ ಎಳೆದವರಲ್ಲಿ 158, ಎಳೆಯದ 803 ಜನರಲ್ಲಿ 175. ನೂರಕ್ಕೆ ಹಾಕಿದರೆ ಎರಡೂ ಕಡೆ ಹೆಚ್ಚುಕಡಿಮೆ 22. ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೊರಗೆ ತಂದಿತು: ಸೇರುವಾಗಲೇ ದಮ್ಮು ಅತಿ ಕಡಿಮೆ ಇದ್ದವರಿಗೆ ಅತಿ ಹೆಚ್ಚು ಇದ್ದವರಿಗಿಂತ 14 ಪಟ್ಟು ಹೆಚ್ಚು ಪೆಟ್ಟಾಗುವ ಸಂಭವವಿತ್ತು. ಪೆಟ್ಟನ್ನು ನಿರ್ಧರಿಸಿದ್ದು ಕಾಲು ಎಷ್ಟು ಬಾಗುತ್ತದೆ ಎಂಬುದಕ್ಕಿಂತ ಕಾಲು ಎಷ್ಟು ಓಡಿ ಪಳಗಿದೆ ಎಂಬುದು. ಇದು ಒಂದು ಶಿಬಿರದ ಆಕಸ್ಮಿಕ ಎನ್ನುವಂತಿಲ್ಲ. 2014ರಲ್ಲಿ ಡೆನ್ಮಾರ್ಕಿನ ಸಂಶೋಧಕರು 25 ಪ್ರಯೋಗಗಳ, 26,610 ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ ಶಕ್ತಿ ಬೆಳೆಸುವ ವ್ಯಾಯಾಮ ಆಟದ ಪೆಟ್ಟನ್ನು ಮೂರರಲ್ಲಿ ಒಂದು ಪಾಲಿಗೂ ಕೆಳಗೆ ಇಳಿಸಿತ್ತು. ಎಳೆತದಿಂದ ಕಂಡ ಲಾಭ ಇಲ್ಲವೆನ್ನುವಷ್ಟು.

ಇಲ್ಲಿ ನಮ್ಮ ಕಡೆಯ ಓಟಗಾರರಿಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ನೋಡಬೇಕು. ಅವರಲ್ಲಿ ಹೆಚ್ಚಿನವರ ದೂರು ಮೊಣಕಾಲಿನ ಕೆಳಗೆ ಮುಂಗಾಲಿನ ಎಲುಬಿನ ಉದ್ದಕ್ಕೂ ಏಳುವ ನೋವು, ಇಲ್ಲವೇ ಹಿಮ್ಮಡಿಯ ಮೇಲಿನ ಹುರಿಯ ನೋವು. ಆರು ತಿಂಗಳು ಓಡದೆ ಇದ್ದ ಕಾಲು ಪ್ರಕಟಣೆ ಬಂದ ವಾರವೇ ದಿನಕ್ಕೆ ನಾಲ್ಕೈದು ಕಿಲೋಮೀಟರ್, ಅದೂ ಡಾಂಬರಿನ ಮೇಲೆ, ಅದೂ ಗಡಿಯಾರ ಹಿಡಿದು ಓಡತೊಡಗಿದರೆ ಎಲುಬು ಮತ್ತು ಹುರಿಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಎಲುಬು ಮತ್ತು ಹುರಿಗೆ ತಿಂಗಳುಗಳು ಬೇಕು. ಆ ನೋವು ಬಂದಾಗ ಮೊದಲು ಕೇಳುವ ಪ್ರಶ್ನೆ ಏನು? "ಸರಿಯಾಗಿ ಸ್ಟ್ರೆಚಿಂಗ್ ಮಾಡಿದ್ದೆಯಾ?" ತಪ್ಪು ಓಟದ ಲೆಕ್ಕದ್ದು, ಬೈಗುಳ ಮೀನಖಂಡಕ್ಕೆ. ಎಳೆತ ಒಂದು ನೆಪವಾಗಿ ನಿಂತಿರುವವರೆಗೆ ವಾರಕ್ಕೆ ಎಷ್ಟು ದೂರ ಏರಿಸಿದೆವು, ಎಂಥ ನೆಲದ ಮೇಲೆ ಓಡಿಸಿದೆವು, ನಡುವೆ ಬಿಡುವು ಕೊಟ್ಟೆವೋ ಇಲ್ಲವೋ ಎಂಬ ಕಷ್ಟದ ಪ್ರಶ್ನೆಗಳು ಯಾರ ಬಾಯಿಂದಲೂ ಬರುವುದಿಲ್ಲ.

ಎರಡನೆಯದು ಚುರುಕಿನ ಮಾತು. 2013ರಲ್ಲಿ ಕ್ರೊಯೇಷಿಯಾದ ಸಂಶೋಧಕರು 104 ಅಧ್ಯಯನಗಳನ್ನು ಒಟ್ಟಿಗೆ ತೂಗಿದರು. ಕೆಲಸಕ್ಕೆ ಇಳಿಯುವ ಮುನ್ನ ಎಳೆತವೊಂದನ್ನೇ ಮಾಡಿಕೊಂಡಾಗ ಸ್ನಾಯುವಿನ ಗರಿಷ್ಠ ಬಲ ನೂರಕ್ಕೆ 5.4ರಷ್ಟು ಕುಗ್ಗಿತ್ತು, ಜಿಗಿತ, ವೇಗದ ಓಟದಂಥ ಸಿಡಿತದ ಕೆಲಸದಲ್ಲಿ ಸುಮಾರು ನೂರಕ್ಕೆ 2ರಷ್ಟು ಇಳಿಕೆ. ಎರಡಷ್ಟೇ ತಾನೇ ಎನ್ನಬಹುದು. ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಉದ್ದ ಜಿಗಿತ ಆರಿಸಿಕೊಂಡರೆ 3.80 ಮೀಟರ್ ದಾಟಬೇಕು. ಅದರ ನೂರಕ್ಕೆ ಎರಡು ಅಂದರೆ ಏಳೂವರೆ ಸೆಂಟಿಮೀಟರ್, ನಾಲ್ಕು ಬೆರಳಿನ ಅಗಲ. ಗೆರೆಯ ಈಚೆ ಬಿದ್ದವನಿಗೂ ಆಚೆ ಬಿದ್ದವನಿಗೂ ನಡುವಿನ ಅಂತರ ಬಹಳ ಸಲ ಅದಕ್ಕಿಂತ ಕಡಿಮೆ ಇರುತ್ತದೆ. ಸೇನಾ ಭರ್ತಿಯ ಒಂಬತ್ತು ಅಡಿ ಕಂದಕವೂ ಇದೇ ಲೆಕ್ಕದ್ದು. ಇದರ ಹಿಂದಿನ ಕಾರಣ ಸರಳ. ಓಡುವಾಗ ಹಿಮ್ಮಡಿಯ ಹುರಿ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಪಾದ ನೆಲಕ್ಕೆ ಬಡಿದಾಗ ಹಿಗ್ಗಿ ಬಲವನ್ನು ಹಿಡಿದಿಟ್ಟು, ಪಾದ ಏಳುವಾಗ ಮರಳಿ ಕೊಡುತ್ತದೆ. ಸ್ಪ್ರಿಂಗಿಗೆ ಬಿಗಿ ಬೇಕು. 2002ರಲ್ಲಿ ಬ್ರಿಟನ್ನಿನ 34 ಅಂತರರಾಷ್ಟ್ರೀಯ ಮಟ್ಟದ ದೂರ ಓಟಗಾರರನ್ನು ಅಳೆದಾಗ ಬಾಗಿ ಬೆರಳು ಮುಟ್ಟುವುದರಲ್ಲಿ ಹಿಂದಿದ್ದವರೇ ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಖರ್ಚು ಮಾಡುತ್ತಿದ್ದರು. ನಾವು ಯಾವುದನ್ನು ದೋಷವೆಂದು ತಿದ್ದಹೊರಟಿದ್ದೇವೋ ಅದು ಓಟಗಾರನ ಬಂಡವಾಳವೂ ಆಗಿರಬಹುದು.

ಪ್ರಾಮಾಣಿಕವಾಗಿ ಹೇಳಬೇಕಾದ ಒಂದು ಮಾತಿದೆ. ಪ್ರತಿ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಎಳೆದು, ಆಮೇಲೆ ಚೆನ್ನಾಗಿ ಮೈ ಬಿಸಿ ಮಾಡಿಕೊಂಡರೆ ಈ ನಷ್ಟ ಬಹುತೇಕ ಅಳಿಸಿಹೋಗುತ್ತದೆ. 2016ರ ಒಂದು ದೊಡ್ಡ ಪರಿಶೀಲನೆಯಲ್ಲಿ ಒಂದು ನಿಮಿಷ ದಾಟಿದ ಎಳೆತದಿಂದ ಆದ ಇಳಿಕೆ ನೂರಕ್ಕೆ 4.6, ಅದಕ್ಕಿಂತ ಕಡಿಮೆಯದರಿಂದ 1.1. ಎಳೆತದ ಪಕ್ಷದವರು ಇದನ್ನು ಹಿಡಿದುಕೊಂಡು "ನೋಡಿ, ಹಾನಿಯೇನೂ ಇಲ್ಲ" ಎನ್ನುತ್ತಾರೆ. ಒಪ್ಪೋಣ. ಆದರೆ ಚರ್ಚೆ ಶುರುವಾದದ್ದು ಲಾಭವಿದೆ ಎಂಬಲ್ಲಿಂದ. ಹಾನಿಯಿಲ್ಲ ಎಂಬಲ್ಲಿಗೆ ಬಂದು ನಿಂತರೆ ಅರ್ಧ ದಾವೆ ಕೈಬಿಟ್ಟಂತೆ. ಮುಂದಿನ ಚಲನೆಯ ವ್ಯಾಯಾಮ ಬಂದು ಅಳಿಸಬೇಕಾದ ನಷ್ಟವನ್ನು ಮೊದಲು ಮಾಡಿಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಉತ್ತರ ಬರಬೇಕಾದದ್ದು ಅವರಿಂದ.

ಮೂರನೆಯದು, ಎಳೆದರೆ ಸ್ನಾಯು ಉದ್ದವಾಗುತ್ತದೆ ಎಂಬುದು. ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ಮೋಸ ಮಾಡಿದೆ. ನಮ್ಮ ಕಡೆ ಸ್ನಾಯು, ಹುರಿ, ರಕ್ತನಾಳ, ನಿಜವಾದ ನರ ಎಲ್ಲಕ್ಕೂ ಒಂದೇ ಪದ: ನರ. ಕಾಲು ಹಿಡಿದರೆ ನರ ಹಿಡಿಯಿತು, ಉಳುಕಿದರೆ ನರದ ಮೇಲೆ ನರ ಏರಿತು, ಆದ್ದರಿಂದ ಹಗ್ಗದ ಗಂಟಿನಂತೆ ಅದನ್ನು ಬಿಡಿಸಬೇಕು. ಮೂರು ವಾರ ದಿನವೂ ಎಳೆದ ಹುಡುಗನ ಬೆರಳು ಮೊದಲು ಮೊಣಕಾಲಿನ ಕೆಳಗೆ ನಿಲ್ಲುತ್ತಿದ್ದದ್ದು ಈಗ ಹೆಬ್ಬೆರಳು ಮುಟ್ಟುತ್ತದೆ; ಕಣ್ಣಿಗೆ ಕಾಣುವ ಈ ಪುರಾವೆಯನ್ನು ಅಲ್ಲಗಳೆಯುವುದು ಹೇಗೆ? ಅಲ್ಲಗಳೆಯಬೇಕಿಲ್ಲ, ಅದರ ಅರ್ಥವನ್ನು ತಿದ್ದಬೇಕು. 2010ರಲ್ಲಿ ಈ ವಿಷಯದ ಪ್ರಯೋಗಗಳನ್ನು ಒಟ್ಟಿಗೆ ಓದಿದ ವೆಪ್ಲರ್ ಮತ್ತು ಮ್ಯಾಗ್ನುಸ್ಸನ್ ತೋರಿಸಿಕೊಟ್ಟದ್ದು ಇದನ್ನೇ: ಮೂರರಿಂದ ಎಂಟು ವಾರಗಳ ಎಳೆತದ ನಂತರ ಕೀಲು ಹೆಚ್ಚು ದೂರ ಹೋಗುವುದು ಮುಖ್ಯವಾಗಿ ಎಳೆತದ ನೋವನ್ನು ಸಹಿಸುವ ಮಿತಿ ಏರಿದ್ದರಿಂದ, ಸ್ನಾಯುವಿನ ಉದ್ದ ಬದಲಾದದ್ದರಿಂದ ಎನ್ನಲು ಆಧಾರ ಸಾಲದು. ಮೊದಲು "ಸಾಕು" ಎನ್ನುತ್ತಿದ್ದ ಮಿದುಳು ಈಗ ಇನ್ನೂ ನಾಲ್ಕು ಬೆರಳು ತಡೆದು "ಸಾಕು" ಎನ್ನುತ್ತದೆ. ಖಾರ ತಿಂದು ತಿಂದು ನಾಲಿಗೆ ಪಳಗಿದರೆ ಮೆಣಸಿನಕಾಯಿ ಸಪ್ಪಗಾಯಿತು ಎನ್ನುತ್ತೇವೆಯೇ?

ಮೈಕೈ ನೋವಿನ ಕಥೆಯೂ ಇದಕ್ಕೆ ಸೇರಿದ್ದೇ. 1960ರ ದಶಕದ ಆರಂಭದಲ್ಲಿ ಅಮೆರಿಕದ ಹರ್ಬರ್ಟ್ ಡಿ ವ್ರೀಸ್ ವ್ಯಾಯಾಮದ ಮರುದಿನದ ನೋವಿಗೆ ಸ್ನಾಯುವಿನ ಸೆಳೆತವೇ ಕಾರಣ, ಎಳೆದು ಹಿಡಿದರೆ ಸೆಳೆತ ಬಿಡುತ್ತದೆ ಎಂದು ವಾದಿಸಿದರು. ನಂತರದ ಪರೀಕ್ಷೆಗಳಲ್ಲಿ ಆ ವಾದ ಬಿದ್ದುಹೋಯಿತು, ಅದು ಹುಟ್ಟಿಸಿದ ರೂಢಿ ಮಾತ್ರ ಜಗತ್ತು ಸುತ್ತಿತು. ಎರಡು ಸಾವಿರಕ್ಕೂ ಹೆಚ್ಚು ಜನರಿದ್ದ ದೊಡ್ಡ ಪ್ರಯೋಗವನ್ನೂ ಒಳಗೊಂಡ 2011ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ವ್ಯಾಯಾಮದ ಹಿಂದೆ ಮುಂದೆ ಎಳೆದುಕೊಂಡರೆ ನೋವು ಕಡಿಮೆಯಾಗುವುದು ನೂರು ಅಂಕದ ಅಳತೆಯಲ್ಲಿ ಒಂದರಿಂದ ನಾಲ್ಕು ಅಂಕ. ಅಷ್ಟು ಇಳಿಕೆ ನೋವುಣ್ಣುವವನ ಅರಿವಿಗೆ ಬಂದರೆ ಅದೇ ಹೆಚ್ಚು.

ಇಷ್ಟು ಕೇಳಿದ ಮೇಲೆ ನಮ್ಮ ಸೀಮೆಯಲ್ಲಿ ಬರುವ ಆಕ್ಷೇಪ ಒಂದಿದೆ, ಅದು ಗಟ್ಟಿಯಾದದ್ದು. ಗರಡಿ ಮನೆಯ ಹಿರಿಯರು ಇದನ್ನೆಲ್ಲ ಮಾಡಿಸುತ್ತಿರಲಿಲ್ಲವೇ, ಅವರೆಲ್ಲ ದಡ್ಡರೇ? ಇದಕ್ಕೆ ಗರಡಿಯೊಳಗೇ ಹೋಗಿ ಉತ್ತರ ಹುಡುಕಬೇಕು. ಈ ತಾಲೂಕುಗಳು ಕುಸ್ತಿಯ ಸೀಮೆ. ರಾಯಬಾಗ ಸ್ವಾತಂತ್ರ್ಯದವರೆಗೆ ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತು. ಆ ಕೊಲ್ಲಾಪುರವನ್ನು ಕುಸ್ತಿಯ ರಾಜಧಾನಿ ಮಾಡಿದ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ ಪಳಗಿದ್ದೂ ಆ ಕೊಲ್ಲಾಪುರದ ಮಣ್ಣಿನಲ್ಲಿಯೇ. ಕನ್ನಡ ಮರಾಠಿ ಎರಡಕ್ಕೂ ತಾಲೀಮು ಎಂಬ ಒಂದೇ ಪದ ಸಾಕಾಗುವ ಈ ಗಡಿಯಲ್ಲಿ ಸಾಮು ಮಾಡುವ ಕ್ರಮವೂ ಒಂದೇ. ಪೈಲ್ವಾನ ಲಂಗೋಟಿ ಕಟ್ಟಿ ಅಖಾಡಕ್ಕೆ ಇಳಿದರೆ ಮೊದಲು ಸಲಿಕೆ ಹಿಡಿದು ಕೆಂಪು ಮಣ್ಣು ಅಗೆಯುತ್ತಾನೆ. ಆಮೇಲೆ ಬೈಠಕ್, ದಂಡ, ಗದೆ ತಿರುಗಿಸುವುದು, ಹಗ್ಗ ಏರುವುದು. ಮೈ ಬೆವರಿದ ಮೇಲೆ ಜೋಡಿ ಹಿಡಿದು ಕುಸ್ತಿ. ಇದರಲ್ಲಿ ನಿಂತಲ್ಲೇ ನಿಂತು ಮೂವತ್ತು ಎಣಿಸುವುದು ಎಲ್ಲಿದೆ? ದಂಡ ಹೊಡೆಯುವಾಗ ಸೊಂಟ ಮೇಲೇರಿದಾಗ ತೊಡೆಯ ಹಿಂಭಾಗ ಹಿಗ್ಗುತ್ತದೆ, ಎದೆ ನೆಲ ಸವರಿ ಮುಂದೆ ಏರಿದಾಗ ಹೊಟ್ಟೆ ಮತ್ತು ಸೊಂಟದ ಮುಂಭಾಗ ಹಿಗ್ಗುತ್ತದೆ, ಎರಡೂ ಕಡೆ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತದೆ. ಪೂರ್ತಿ ಕುಳಿತು ಏಳುವ ಬೈಠಕ್ಕಿನಲ್ಲಿ ಮಂಡಿ, ಹಿಮ್ಮಡಿ, ಸೊಂಟ ಮೂರೂ ತಮ್ಮ ಕೊನೆಯ ಮಿತಿ ಮುಟ್ಟಿ ಬರುತ್ತವೆ. 2021ರಲ್ಲಿ 11 ಅಧ್ಯಯನಗಳನ್ನು ಹೋಲಿಸಿ ನೋಡಿದ ಪರಿಶೀಲನೆಯೊಂದು ಕೀಲುಗಳ ಚಲನೆ ಹೆಚ್ಚಿಸುವುದರಲ್ಲಿ ಶಕ್ತಿ ವ್ಯಾಯಾಮಕ್ಕೂ ಎಳೆತಕ್ಕೂ ಗುರುತಿಸಬಲ್ಲ ವ್ಯತ್ಯಾಸವಿಲ್ಲ ಎಂದು ಹೇಳಿತು. ಗರಡಿಯಲ್ಲಿ ಹಾಗೆ ಹೆಸರಿಡದೆ ಮಾಡುತ್ತಿದ್ದದ್ದೂ ಇದನ್ನೇ.

ಹಾಗೆಂದು ಗರಡಿಯದೆಲ್ಲ ವೇದವಾಕ್ಯವೆಂದು ನಾನು ಹೇಳಲಾರೆ. ಸಾವಿರ ಬೈಠಕ್ಕಿನ ಲೆಕ್ಕದ ಹೆಮ್ಮೆ ಎಷ್ಟು ಮಂಡಿಗಳನ್ನು ಸವೆಸಿತೋ ಯಾರೂ ಎಣಿಸಿಲ್ಲ. ಗೆದ್ದ ಪೈಲ್ವಾನನ ಹೆಸರು ಉಳಿಯುತ್ತದೆ, ಮುರಿದು ಮನೆಗೆ ಹೋದವನದು ಉಳಿಯುವುದಿಲ್ಲ. ಹಳೆಯದು ಎಂಬ ಕಾರಣಕ್ಕೆ ಸರಿ ಎನ್ನುವವರು ಹೊಸದು ಎಂಬ ಕಾರಣಕ್ಕೆ ಸರಿ ಎನ್ನುವವರಷ್ಟೇ ಸೋಮಾರಿಗಳು. ನನ್ನ ವಾದ ಇಷ್ಟಕ್ಕೆ ಸೀಮಿತ: ಎಳೆತಕ್ಕೆ ಹಿರಿಯರ ಸಾಕ್ಷಿ ಕರೆಯುವವರು ಹಿರಿಯರ ಸಾಮನ್ನು ಸರಿಯಾಗಿ ನೋಡಿಲ್ಲ.

ಯೋಗದ ಹೆಸರು ಹೇಳಿ ಬರುವ ಆಕ್ಷೇಪವೂ ಹೀಗೆಯೇ. 2015ರಿಂದ ಪ್ರತಿ ಜೂನ್ 21ಕ್ಕೆ ಶಾಲೆಗಳಲ್ಲಿ ಚಾಪೆ ಹಾಸುವ ನಾವು ಆಸನವನ್ನು ಎಳೆತದ ಇನ್ನೊಂದು ಹೆಸರೆಂದು ತಿಳಿದಿದ್ದೇವೆ. ಪತಂಜಲಿ ಆಸನದಿಂದ ಬಯಸಿದ್ದು ಸ್ಥಿರತೆ ಮತ್ತು ಸುಖವನ್ನು. 1600 ಮೀಟರಿನ ವೇಗದ ಮಾತನ್ನು ಅವನು ಯಾರಿಗೂ ಕೊಟ್ಟಿಲ್ಲ. ಮನಸ್ಸು ನೆಲೆಗೊಳ್ಳಲು, ಉಸಿರು ನಿಧಾನವಾಗಲು ಯಾರಾದರೂ ಪಶ್ಚಿಮೋತ್ತಾನಾಸನದಲ್ಲಿ ಕುಳಿತರೆ ಈ ಲೇಖನಕ್ಕೆ ಅವರ ಮೇಲೆ ಯಾವ ತಕರಾರೂ ಇಲ್ಲ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಸಾತಾರಾ ಸೀಮೆಯ ಔಂಧ ಸಂಸ್ಥಾನದ ರಾಜರು ವ್ಯಾಯಾಮವಾಗಿ ಹರಡಿದ ಸೂರ್ಯ ನಮಸ್ಕಾರ ನಿಲ್ಲದ ಚಲನೆಯ ಸಾಲು, ದಂಡದ ಹತ್ತಿರದ ನಂಟ. ಓಟಕ್ಕೆ ಮುಂಚೆ ಅದನ್ನು ಹತ್ತು ಸುತ್ತು ಹಾಕಿದರೆ ಮೈ ನಿಜಕ್ಕೂ ಬಿಸಿಯಾಗುತ್ತದೆ.

ಎಲ್ಲಕ್ಕಿಂತ ಬೇರುಬಿಟ್ಟ ತಪ್ಪು ಇನ್ನೊಂದು: ಬಾಗುವ ಮೈಯೇ ಗಟ್ಟಿ ಮೈ ಎಂಬುದು. ಖೇಲೋ ಇಂಡಿಯಾದ ಶಾಲಾ ಮಕ್ಕಳ ದೇಹದಾರ್ಢ್ಯ ಪರೀಕ್ಷೆಯಲ್ಲಿ ಪೆಟ್ಟಿಗೆಗೆ ಪಾದ ಒತ್ತಿ ಕುಳಿತು, ಮುಂದೆ ಬಾಗಿ ಬೆರಳು ಎಲ್ಲಿಯವರೆಗೆ ತಲುಪುತ್ತದೆಂದು ಅಳೆಯುತ್ತಾರೆ. 1952ರಲ್ಲಿ ಅಮೆರಿಕದ ವೆಲ್ಸ್ ಮತ್ತು ಡಿಲನ್ ರೂಪಿಸಿದ ಅಳತೆ ಅದು. ಕೈ ಉದ್ದವಿದ್ದು ಕಾಲು ಗಿಡ್ಡವಿದ್ದ ಮಗು ಏನೂ ಮಾಡದೆ ಅಂಕ ಪಡೆಯುತ್ತದೆ, ಬೆಳೆಯುವ ವಯಸ್ಸಿನಲ್ಲಿ ಕಾಲು ಮೊದಲು ಉದ್ದವಾದ ಮಗು ಏನೂ ತಪ್ಪು ಮಾಡದೆ ಅಂಕ ಕಳೆದುಕೊಳ್ಳುತ್ತದೆ. ದೈಹಿಕ ಕ್ಷಮತೆಯ ಮುಖ್ಯ ಅಂಗಗಳ ಪಟ್ಟಿಯಿಂದ ಮೈ ಬಾಗುವಿಕೆಯನ್ನೇ ನಿವೃತ್ತಿಗೊಳಿಸಬೇಕೆಂದು 2020ರಲ್ಲಿ ಸಂಶೋಧಕ ಜೇಮ್ಸ್ ನುಝೊ ವಾದಿಸಿದ್ದಕ್ಕೆ ಇಂಥ ಕಾರಣಗಳಿದ್ದವು. ಅಳತೆ ಬೇಕೆಂದರೆ ನಮ್ಮೂರುಗಳಲ್ಲೇ ನೋಡಬಹುದು. ನಿಪ್ಪಾಣಿಯಲ್ಲಿ ಮೊರ ತೊಡೆಯ ಮೇಲಿಟ್ಟು ದಿನವಿಡೀ ಚಕ್ಕಂಬಕ್ಕಲ ಹಾಕಿ ಬೀಡಿ ಕಟ್ಟುವ ಹೆಂಗಸರು, ಅಥಣಿಯಲ್ಲಿ ನೆಲದ ಮೇಲೆ ಕುಳಿತು ಪಾದದ ನಡುವೆ ತೊಗಲು ಹಿಡಿದು ಚಪ್ಪಲಿ ಹೊಲಿಯುವವರು, ಕೃಷ್ಣೆಯ ದಂಡೆಯ ಪಡಗಳಲ್ಲಿ ಬುಡಕ್ಕೆ ಬಾಗಿ ಕಬ್ಬು ಕಡಿಯುವ ಗ್ಯಾಂಗಿನವರು: ಇವರ ಸೊಂಟ, ಮಂಡಿ ಯಾವ ಜಿಮ್ಮಿನ ಹುಡುಗನಿಗೂ ನಾಚಿಕೆ ತರಿಸುವಷ್ಟು ಬಾಗುತ್ತವೆ. ಸಂಜೆ ಹಿಡಿದುಕೊಳ್ಳುವುದೂ ಅದೇ ಸೊಂಟ, ಅದೇ ಕತ್ತು. ಬಾಗುವುದೇ ರಕ್ಷೆಯಾಗಿದ್ದರೆ ಬೀಡಿ ಕಟ್ಟುವವರಿಗೆ ಬೆನ್ನುನೋವು ಬರಲೇಬಾರದಿತ್ತು. ಅವರಿಗೆ ಬೇಕಾದದ್ದು ಎದ್ದು ಓಡಾಡುವ ಬಿಡುವು, ಹೊರೆಗೆ ತಕ್ಕ ಕೂಲಿ. ಅದು ಬೇರೆಯೇ ಲೇಖನದ ವಿಷಯ.

ಎಳೆತ ಬೇಕಾದವರೂ ಇದ್ದಾರೆ. ಮಲ್ಲಕಂಬದ ಮೇಲೆ ಬೆನ್ನು ಬಿಲ್ಲಾಗಿಸುವ ಹುಡುಗನಿಗೆ, ಕತ್ತಿನ ಸೇತುವೆ ಹಾಕುವ ಪೈಲ್ವಾನನಿಗೆ, ಪ್ಲಾಸ್ಟರ್ ಬಿಚ್ಚಿದ ಮೇಲೆ ಮಡಚದ ಮೊಣಕೈಗೆ, ಹಿಡಿದುಕೊಂಡ ಭುಜಕ್ಕೆ ತಮ್ಮ ಕೆಲಸಕ್ಕೆ ಬೇಕಾದಷ್ಟು ಚಲನೆ ದೊರಕಲೇಬೇಕು. ಅದಕ್ಕೆ ವಾರಗಟ್ಟಲೆ ತಾಳ್ಮೆಯ ಎಳೆತ ಒಂದು ಒಳ್ಳೆಯ ದಾರಿ. ವೇಗದ ಓಟದಲ್ಲಿ ತೊಡೆಯ ಹಿಂಭಾಗ ಹರಿಯುವುದನ್ನು ಎಳೆತ ಸ್ವಲ್ಪ ತಡೆಯಬಹುದೆಂಬ ಸೂಚನೆಯೂ ಕೆಲವು ಅಧ್ಯಯನಗಳಲ್ಲಿದೆ. ಆದರೆ ಅದೇ ತೊಡೆಯನ್ನು ಕಾಯುವುದಕ್ಕೆ ಇದಕ್ಕಿಂತ ಎಷ್ಟೋ ಬಲವಾದ ಪುರಾವೆಯುಳ್ಳ ವ್ಯಾಯಾಮವಿದೆ. ಮಂಡಿಯೂರಿ ನಿಂತವನ ಹಿಮ್ಮಡಿಯನ್ನು ಗೆಳೆಯ ಒತ್ತಿ ಹಿಡಿಯುತ್ತಾನೆ. ಅವನು ಬೆನ್ನು ನೆಟ್ಟಗಿಟ್ಟು, ಬೀಳುವುದನ್ನು ತೊಡೆಯ ಬಲದಿಂದ ತಡೆಯುತ್ತ ನಿಧಾನವಾಗಿ ಮುಂದಕ್ಕೆ ಬಾಗುತ್ತಾನೆ. 2011ರಲ್ಲಿ ಪ್ರಕಟವಾದ, 942 ಡ್ಯಾನಿಶ್ ಫುಟ್ಬಾಲ್ ಆಟಗಾರರ ಪ್ರಯೋಗದಲ್ಲಿ ಇದನ್ನು ಮಾಡಿದವರಿಗೆ 15 ಸಲ, ಹೆಚ್ಚುಕಡಿಮೆ ಅಷ್ಟೇ ಜನರಿದ್ದ ಮಾಡದವರ ಗುಂಪಿಗೆ 52 ಸಲ ತೊಡೆಯ ಹಿಂಭಾಗದ ಪೆಟ್ಟಾಯಿತು. ಬೇಕಾದ ಸಾಮಾನು: ಒಂದು ಗೋಣಿಚೀಲ, ಒಬ್ಬ ಗೆಳೆಯ. ಇದನ್ನು ವಾರಕ್ಕೆರಡು ಸಲ ಮಾಡಿಸುವ ಮೈದಾನ ನಮ್ಮಲ್ಲಿ ಎಷ್ಟಿವೆ?

ಕೊನೆಗೆ ಉಳಿಯುವ ಆಕ್ಷೇಪ, ಹತ್ತು ನಿಮಿಷದ ಎಳೆತ ಬಿಟ್ಟರೆ ಆ ಹೊತ್ತಿನಲ್ಲಿ ಏನು ಮಾಡುವುದು ಎಂಬುದು. ನಾರ್ವೆಯ 1892 ಹದಿಹರೆಯದ ಫುಟ್ಬಾಲ್ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿಧಾನದ ಓಟ, ಕಾಲಿನ ಬಲ, ಸಮತೋಲನ, ಜಿಗಿದು ಮೆತ್ತಗೆ ಇಳಿಯುವ ಅಭ್ಯಾಸ ಸೇರಿದ ಇಪ್ಪತ್ತು ನಿಮಿಷದ ತಯಾರಿ ಒಟ್ಟು ಪೆಟ್ಟುಗಳನ್ನು ಸುಮಾರು ಮೂರನೇ ಒಂದು ಪಾಲು ಇಳಿಸಿತು. ಎಳೆದು ಹಿಡಿಯುವುದು ಅದರಲ್ಲಿ ಇರಲಿಲ್ಲ. ಭರ್ತಿಯ ದಿನ ಚಳಿಯ ಮುಂಜಾವಿನಲ್ಲಿ ಸಾಲು ಹಚ್ಚಿ ನಿಂತ ಹುಡುಗನಿಗೆ ಇಷ್ಟೆಲ್ಲ ಜಾಗ ಸಿಗಲಿಕ್ಕಿಲ್ಲ. ತನ್ನ ಪಾಳಿ ಹತ್ತಿರವಾದಾಗ ಸ್ವೆಟರ್ ತೆಗೆಯದೆ ನಿಂತಲ್ಲೇ ಮೆಲ್ಲಗೆ ಕುಣಿಯುತ್ತ ಓಡುವುದು, ಮಂಡಿ ಎತ್ತುವುದು, ಕಾಲು ಹಿಂದೆ ಮುಂದೆ ಬೀಸುವುದು, ಹತ್ತು ಬೈಠಕ್, ಐದು ದಂಡ, ನಾಲ್ಕು ಸಣ್ಣ ಜಿಗಿತ, ಜಾಗ ಬಿಟ್ಟರೆ ಇಪ್ಪತ್ತು ಹೆಜ್ಜೆಯ ಎರಡು ಬಿರುಸು ಓಟ. ಉಸಿರು ಸ್ವಲ್ಪ ಏರಿ, ಹಣೆಯ ಮೇಲೆ ತೆಳುವಾಗಿ ಬೆವರು ಕಂಡಾಗ ಸ್ವೆಟರ್ ಕಳಚಿ ಗೆರೆಗೆ ಬಂದು ನಿಲ್ಲಬಹುದು.